ಉಡುವುದು ಮತ್ತು ಹಾಕಿಕೊಳ್ಳುವುದು: ಕೆಲಸದೆಡೆಯ ಉಡುಪನ್ನು ಕುರಿತು ಒಂದು ವಿಮರ್ಶೆ

ಕನ್ನಡದಲ್ಲಿ ಬಟ್ಟೆಬರೆಗಳ ಮಾತು ಬಂದಾಗ ಒಂದೇ ಕ್ರಿಯಾಪದದಿಂದ ಕೆಲಸ ಸಾಗುವುದಿಲ್ಲ. ಸೀರೆ ಪಂಚೆಗಳನ್ನು ಉಡುತ್ತೇವೆ, ಅಂಗಿ ಕುಪ್ಪಸಗಳನ್ನು ತೊಡುತ್ತೇವೆ, ಶಾಲನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಜೋಡನ್ನು ಮೆಟ್ಟುತ್ತೇವೆ, ಹೂವನ್ನು ಮುಡಿಯುತ್ತೇವೆ. ಇವುಗಳಲ್ಲಿ ಉಡು, ತೊಡು ಎಂಬ ಎರಡು ಧಾತುಗಳ ಭೇದವು ವಿಚಾರಾರ್ಹವಾದುದು. ಉಡುವ ಬಟ್ಟೆಗೆ ಕತ್ತರಿ ತಾಗಿರುವುದಿಲ್ಲ. ಅದು ಮಗ್ಗದಿಂದ ಇಳಿದಂತೆಯೇ ಇರುವ ನೀಳವಾದ ವಸ್ತ್ರ. ಅದಕ್ಕೆ ಆಕಾರ ಬರುವುದು ಉಡುವವರ ಕೈಯಿಂದ, ಅದೂ ಪ್ರತಿದಿನ ಹೊಸದಾಗಿ. ತೊಡುವ ಬಟ್ಟೆಯಾದರೋ ದರ್ಜಿಯ ಕೈಯಲ್ಲಿ ಮೊದಲೇ ಆಕಾರ ಪಡೆದಿರುತ್ತದೆ. ಮೈಯನ್ನು ಅದರೊಳಕ್ಕೆ ತೂರಿಸುವುದಷ್ಟೇ ನಮ್ಮ ಪಾಲಿನ ಕೆಲಸ. ‘ಉಡುಗೆತೊಡುಗೆ’ ಎಂಬ ಜೋಡಿ ನುಡಿಯಲ್ಲಿ ಈ ಭೇದ ಇನ್ನೂ ಉಳಿದಿದೆ. ಇಂದಿನ ಆಡುಮಾತಿನಲ್ಲಿ ಮಾತ್ರ ಅದು ಮಾಸುತ್ತ ಬಂದಿದೆ. ಷರಟನ್ನೂ ಷರಾಯಿಯನ್ನೂ ಹಾಕಿಕೊಳ್ಳುತ್ತೇವೆ. ಪಂಚೆಯನ್ನೂ ‘ಹಾಕಿಕೊಳ್ಳುವ’ವರು ಈಗ ನಮ್ಮ ನಡುವೆ ಇದ್ದಾರೆ. ವೇಷಕ್ಕೂ ಇದೇ ಕ್ರಿಯಾಪದ ಸಲ್ಲುತ್ತದೆಂಬುದನ್ನು ವಾಚಕರು ಗಮನಿಸಬೇಕು.

ಹಲವು ಭಾಷೆ, ಹಲವು ಮತಗಳ ಜನ ಒಂದೆಡೆ ಸೇರಿ ದುಡಿಯುವ ಸಮಾಜದಲ್ಲಿ, ಕೆಲಸದ ವೇಳೆಯಲ್ಲಿ ಪರಂಪರೆಯ ಉಡುಪನ್ನು ಧರಿಸಬಹುದೆ ಎಂಬ ಪ್ರಶ್ನೆ ಪದೇ ಪದೇ ಏಳುತ್ತದೆ. ಅದಕ್ಕೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಕಚೇರಿಗೆ ಕಚೇರಿಯ ಉಡುಪೇ ಸರಿ, ಮನೆಯ ಗುರುತನ್ನು ಮನೆಯಲ್ಲಿ ಬಿಟ್ಟು ಬರಬೇಕು ಎಂಬುದು ಒಂದು ಪಕ್ಷ. ಉಡುಪು ಸಂಸ್ಕೃತಿಯ ಕುರುಹು, ಅದನ್ನು ಬಿಟ್ಟವನು ತನ್ನತನವನ್ನೇ ಬಿಟ್ಟಂತೆ ಎಂಬುದು ಇನ್ನೊಂದು. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರೋಧವಾಗಿ ತೋರುತ್ತವೆ. ಆದರೆ ಎರಡೂ ಪಕ್ಷಗಳು ಒಂದೇ ಎಡೆಯಲ್ಲಿ ಎಡವಿವೆ. ಒಂದು ಉಡುಪನ್ನು ಸಂಸ್ಥೆಯ ಸೊತ್ತೆಂದು ಎಣಿಸುತ್ತದೆ. ಇನ್ನೊಂದು ಸಮುದಾಯದ ಸೊತ್ತೆಂದು ಎಣಿಸುತ್ತದೆ. ಉಡುವವರ ಮಾತನ್ನು ಎರಡೂ ಕೇಳುವುದಿಲ್ಲ. ಈ ಮಾತನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲ ನಿದರ್ಶನ ಗಾಂಧೀಜಿಯವರ ಆತ್ಮಕಥೆಯದು. ೧೮೯೩ರಲ್ಲಿ ಡರ್ಬನ್ನಿಗೆ ಬಂದಿಳಿದ ಕೆಲವೇ ದಿನಗಳಲ್ಲಿ ಅವರು ಅಲ್ಲಿಯ ನ್ಯಾಯಾಲಯಕ್ಕೆ ಹೋದಾಗ, ತಲೆಯ ಮೇಲಿನ ರುಮಾಲನ್ನು ತೆಗೆಯುವಂತೆ ಮ್ಯಾಜಿಸ್ಟ್ರೇಟರು ಹೇಳಿದರು. ಗಾಂಧಿಯವರು ಒಪ್ಪದೆ ಹೊರಕ್ಕೆ ನಡೆದರು. ಪತ್ರಿಕೆಗಳಿಗೆ ಬರೆದು ತಮ್ಮ ನಡತೆಯನ್ನು ಸಮರ್ಥಿಸಿಕೊಂಡರು. ಮರುವರ್ಷ, ೧೮೯೪ರಲ್ಲಿ, ನೇಟಾಲಿನ ಶ್ರೇಷ್ಠ ನ್ಯಾಯಾಲಯದಲ್ಲಿ ವಕೀಲರಾಗಿ ಪ್ರಮಾಣವಚನ ಸ್ವೀಕರಿಸಿದ ಮೇಲೆ ಮುಖ್ಯ ನ್ಯಾಯಾಧೀಶರು ಅದೇ ಮಾತನ್ನು ಹೇಳಿದರು. ಈ ಸಲ ಅವರು ರುಮಾಲನ್ನು ತೆಗೆದರು. ಗೆಳೆಯರಿಗೆ, ಅದರಲ್ಲಿಯೂ ಅಬ್ದುಲ್ಲಾ ಸೇಠರಿಗೆ, ಇದು ಹಿಡಿಸಲಿಲ್ಲ. ಮೊದಲನೆಯದನ್ನು ಧೈರ್ಯವೆಂದೂ ಎರಡನೆಯದನ್ನು ಸೋಲೆಂದೂ ಓದುವುದು ಸುಲಭ. ಆದರೆ ಆ ಗ್ರಂಥವನ್ನು ಗಮನವಿಟ್ಟು ಓದಿದವರಿಗೆ ಎರಡು ಸಂದರ್ಭಗಳಲ್ಲಿಯೂ ನಿರ್ಣಯ ಮಾಡಿದವರು ಒಬ್ಬರೇ ಎಂಬುದು ಕಾಣದೆ ಇರದು. ನ್ಯಾಯಾಲಯಕ್ಕೆ ಬಂದುಹೋಗುವವನಾಗಿದ್ದಾಗ ತೆಗೆಯಲಾರದುದನ್ನು, ಅಲ್ಲಿಯೇ ವೃತ್ತಿ ನಡೆಸಬೇಕಾದವನಾಗಿ ತೆಗೆಯಲು ಅವರೇ ನಿಶ್ಚಯಿಸಿದರು. ಮುಂದೆ ಹೂಡಬೇಕಾದ ದೊಡ್ಡ ಹೋರಾಟಗಳಿಗೆ ತಮ್ಮ ಶಕ್ತಿಯನ್ನು ಕಾಯ್ದಿರಿಸಬೇಕೆಂಬುದು ಅವರ ವಿವೇಚನೆಯಾಗಿತ್ತು.

ಅದೇ ಪ್ರಸಂಗದಲ್ಲಿ ಅಡಗಿರುವ ಇನ್ನೊಂದು ವಿಷಯ ಇದಕ್ಕಿಂತಲೂ ಬೆಲೆಯುಳ್ಳದ್ದು. ಪೋರಬಂದರಿನ ಆ ಗುಜರಾತಿ ತರುಣ ಸುತ್ತಿಕೊಂಡಿದ್ದುದು ಬಂಗಾಳದ ಪಗಡಿಯ ಅನುಕರಣೆ. ತೊಟ್ಟಿದ್ದುದು ಆಂಗ್ಲರ ನಿಲುವಂಗಿ. ಮುಸಲ್ಮಾನರ ಉಡುಪಿನಲ್ಲಿ ಬಂದವರು ರುಮಾಲನ್ನು ಇಟ್ಟುಕೊಳ್ಳಬಹುದಾಗಿತ್ತು. ಉಳಿದ ಭಾರತೀಯರು ತೆಗೆಯಬೇಕಾಗಿತ್ತು. ರುಮಾಲಿನ ಬದಲು ಆಂಗ್ಲರ ಟೋಪಿಯನ್ನು ಧರಿಸಿದರೆ ಜನರು ತಮ್ಮನ್ನು ಹೋಟೆಲಿನ ಪರಿಚಾರಕನೆಂದು ಭಾವಿಸುವರೆಂದು ಅಬ್ದುಲ್ಲಾ ಸೇಠರು ಎಚ್ಚರಿಸಿದರು. ಅಂದ ಮೇಲೆ ಇಲ್ಲಿ ಶುದ್ಧ ಪರಂಪರೆಯೆಂಬುದು ಎಲ್ಲಿದೆ? ಇದ್ದುದು ಹಲವು ಕಡೆಗಳಿಂದ ಕೂಡಿಬಂದ ಒಂದು ಉಡುಪು ಮತ್ತು ಅದನ್ನು ತನ್ನದೆಂದು ಒಪ್ಪಿಕೊಂಡ ಒಬ್ಬ ಮನುಷ್ಯ. ಮರ್ಯಾದೆಯ ಪ್ರಶ್ನೆ ಹುಟ್ಟಿದುದು ಆ ಒಪ್ಪಿಗೆಯಿಂದ. ಬಟ್ಟೆಯ ಪ್ರಾಚೀನತೆಯಿಂದ ಹುಟ್ಟಿದುದಲ್ಲ.

ಮೈಸೂರು ಸೀಮೆಯ ಹಿರಿಯರ ಚಿತ್ರಗಳನ್ನು ನೋಡಿದವರಿಗೆ ಇದು ಹೊಸ ಮಾತೇನೂ ಅಲ್ಲ. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ತಲೆಯ ಮೇಲೆ ಮೈಸೂರು ಪೇಟ, ಮೈಮೇಲೆ ಪಾಶ್ಚಾತ್ಯ ಕೋಟು. ೧೯೩೦ರಲ್ಲಿ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಿ. ವಿ. ರಾಮನ್ನರೂ ಕೋಟಿನ ಮೇಲೆ ರುಮಾಲನ್ನೇ ಧರಿಸಿದ್ದರು. ಕಾಲದ ಕೆಲಸಕ್ಕೆ ಬೇಕಾದುದನ್ನು ಮೈಗೆ ತೊಟ್ಟು, ತಮಗೆ ಬೇಕಾದುದನ್ನು ತಲೆಗೆ ಸುತ್ತಿಕೊಳ್ಳುವುದು ಆ ತಲೆಮಾರಿಗೆ ಸಹಜವಾಗಿತ್ತು. ಅದನ್ನು ಕಂಡು ಯಾರೂ ಎಂಜಿನಿಯರಿಂಗಿನ ಲೆಕ್ಕ ತಪ್ಪೀತೆಂದಾಗಲಿ ಬೆಳಕಿನ ಕಿರಣ ಬಾಗೀತೆಂದಾಗಲಿ ಅಂಜಲಿಲ್ಲ.

ಗಾಂಧಿ, ವಿಶ್ವೇಶ್ವರಯ್ಯ, ರಾಮನ್ ಇವರು ವಿದ್ಯೆಯ ಬಲವುಳ್ಳವರು. ಸಾಮಾನ್ಯ ದುಡಿಮೆಗಾರನ ಗತಿಯೇನು ಎಂಬ ಪ್ರಶ್ನೆಗೆ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ನಗರದ ಬಸ್ಸು ನೌಕರರ ಕಥೆಯಲ್ಲಿ ಉತ್ತರವುಂಟು. ೧೯೬೭ರಲ್ಲಿ ತರಸೇಮ್ ಸಿಂಗ್ ಸಂಧು ಎಂಬ ಚಾಲಕ ಕಾಯಿಲೆಯ ರಜೆ ಮುಗಿಸಿಕೊಂಡು ಗಡ್ಡ ಮತ್ತು ಪಗಡಿಯೊಡನೆ ಕೆಲಸಕ್ಕೆ ಹಿಂತಿರುಗಿದನು. ನಗರಸಭೆಯ ಸಾರಿಗೆ ಇಲಾಖೆಯ ನಿಯಮ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲವಾದ್ದರಿಂದ ಅವನನ್ನು ಮನೆಗೆ ಕಳುಹಿಸಲಾಯಿತು. ಎರಡು ವರ್ಷಗಳ ಕಾಲ ವಾದವಿವಾದ, ಮೆರವಣಿಗೆಗಳು ನಡೆದವು. ಕೊನೆಗೆ ಸೋಹನ್ ಸಿಂಗ್ ಜಾಲಿ ಎಂಬವರು ೧೯೬೯ರ ಏಪ್ರಿಲ್ ೧೩ರ ಬೈಸಾಖಿಯ ದಿನ ತಾವು ಬೆಂಕಿಗೆ ಆಹುತಿಯಾಗುವುದಾಗಿ ಘೋಷಿಸಿದರು. ಅದಕ್ಕೆ ನಾಲ್ಕು ದಿನ ಮುಂಚೆ ನಗರಸಭೆ ನಿಷೇಧವನ್ನು ಹಿಂತೆಗೆದುಕೊಂಡಿತು. ಬಸ್ಸು ಓಡಿಸುವುದಕ್ಕೆ ಪಗಡಿಯಿಂದ ಯಾವ ಅಡ್ಡಿಯಿತ್ತೆಂಬ ಸರಳ ಪ್ರಶ್ನೆಯನ್ನು ಕೇಳಿಕೊಳ್ಳಲು ಒಂದು ಆಡಳಿತಕ್ಕೆ ಎರಡು ವರ್ಷ ಹಿಡಿಯಿತು. ಒಬ್ಬನ ಪ್ರಾಣವನ್ನು ತಕ್ಕಡಿಗೆ ಇಡುವವರೆಗೆ ಪ್ರಶ್ನೆ ತೂಕ ಪಡೆಯಲಿಲ್ಲ. ಸಂಧು ಕೆಲಸಕ್ಕೆ ಸೇರುವಾಗ ಗಡ್ಡ ಬೋಳಿಸಿದ್ದನೆಂಬುದನ್ನು ಅವನ ವಿರುದ್ಧ ಎತ್ತಿಹೇಳುವವರುಂಟು. ನಮಗಾದರೋ ಅದು ಅವನ ಪರವಾದ ಸಾಕ್ಷಿಯಾಗಿ ತೋರುತ್ತದೆ. ಅವನು ರೂಢಿಯ ಬಲದಿಂದ ಪಗಡಿ ಸುತ್ತಿದವನಲ್ಲ; ವಿಚಾರಮಾಡಿ, ನಷ್ಟವನ್ನರಿತು ಸುತ್ತಿದವನು.

ಉಡುಪಿನಿಂದ ಕೆಲಸಕ್ಕೆ ನಿಜವಾದ ತೊಡಕಿದ್ದರೆ ಏನು ಮಾಡಬೇಕು? ಇದನ್ನು ಹಾರಿಸಿ ಮುಂದೆ ಹೋಗುವುದು ವಿಮರ್ಶೆಗೆ ಸಲ್ಲದು. ಕೆನಡದ ರೈಲ್ವೆಯಲ್ಲಿ ವಿದ್ಯುತ್ ಕೆಲಸಗಾರನಾಗಿದ್ದ ಭಿಂದರ್ ಎಂಬ ಸಿಖ್ಖನು ಪಗಡಿಯ ಬದಲು ಗಟ್ಟಿ ಶಿರಸ್ತ್ರಾಣ ಧರಿಸಲು ಒಪ್ಪದೆ ಕೆಲಸ ಕಳೆದುಕೊಂಡನು. ೧೯೮೫ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವೂ ಅವನ ವಿರುದ್ಧವೇ ತೀರ್ಪಿತ್ತಿತು. ಐದು ವರ್ಷಗಳ ಬಳಿಕ, ೧೯೯೦ರಲ್ಲಿ, ಬೇರೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ತನ್ನ ಹಿಂದಿನ ತರ್ಕವನ್ನು ತಿದ್ದಿಕೊಂಡಿತು. ಬ್ರಿಟನ್ನಿನ ಶಾಸನ ಬೇರೆ ಹಾದಿ ಹಿಡಿಯಿತು. ೧೯೭೬ರಲ್ಲಿ ಪಗಡಿ ಧರಿಸಿದ ಸಿಖ್ಖರಿಗೆ ಮೋಟಾರುಸೈಕಲ್ಲಿನ ಶಿರಸ್ತ್ರಾಣದಿಂದ ವಿನಾಯಿತಿ ದೊರೆಯಿತು. ೧೯೮೯ರ ಕಾಯಿದೆಯಲ್ಲಿ ಕಟ್ಟಡ ಕಟ್ಟುವ ಎಡೆಗಳಿಗೂ, ೨೦೧೫ರಲ್ಲಿ ಇತರ ಬಹುತೇಕ ಕೆಲಸದೆಡೆಗಳಿಗೂ ಅದು ವಿಸ್ತರಿಸಿತು. ೧೯೮೯ರ ಕಾಯಿದೆಯಲ್ಲಿ ಒಂದು ಕರಾರುಂಟು. ಶಿರಸ್ತ್ರಾಣವಿಲ್ಲದ್ದರಿಂದ ಹೆಚ್ಚಾದ ಗಾಯಕ್ಕೆ ಮಾಲಿಕನು ಪರಿಹಾರ ತೆರಬೇಕಾಗಿಲ್ಲ. ಶಿರಸ್ತ್ರಾಣವಿದ್ದರೂ ಆಗುತ್ತಿದ್ದ ಗಾಯಕ್ಕೆ ಮಾತ್ರ ಅವನು ಹೊಣೆ. ಸ್ವಾತಂತ್ರ್ಯವನ್ನು ಕೊಟ್ಟು ಅದರ ಅಪಾಯದ ಪಾಲನ್ನು ಆರಿಸಿಕೊಂಡವನಿಗೇ ವಹಿಸಿದ ಏರ್ಪಾಡು ಇದು. ಸಾಲದ ಪತ್ರಗಳಲ್ಲಿ ಹೊಣೆಯ ಹಂಚಿಕೆಯನ್ನು ದಿನವೂ ನೋಡುವ ನಮ್ಮಂಥ ಬ್ಯಾಂಕಿನ ನೌಕರರಿಗೆ ಇದರ ನ್ಯಾಯ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ.

ಇನ್ನು ಸಮವಸ್ತ್ರವಾದಿಗಳ ಮಾತು. ಉಡುಪು ಒಂದೇ ಆದರೆ ಮೇಲುಕೀಳು ಕಾಣದು, ಸೇವೆ ಪಡೆಯುವವರಿಗೆ ಪಕ್ಷಪಾತದ ಶಂಕೆ ಬಾರದು ಎಂದು ಅವರು ಹೇಳುತ್ತಾರೆ. ಕೆನಡದ ಕ್ವಿಬೆಕ್ ಪ್ರಾಂತ್ಯದಲ್ಲಿ ೨೦೧೯ರಲ್ಲಿ ಆದ ಶಾಸನ ಶಿಕ್ಷಕರು, ಪೊಲೀಸರು ಮೊದಲಾದವರು ಕೆಲಸದ ವೇಳೆಯಲ್ಲಿ ಮತಚಿಹ್ನೆಗಳನ್ನು ಧರಿಸಬಾರದೆಂದು ವಿಧಿಸಿದುದು ಈ ತತ್ತ್ವದ ಮೇಲೆಯೇ. ಇದಕ್ಕೆ ನಮ್ಮ ಆಕ್ಷೇಪ ಇಷ್ಟೆ. ನಿಷ್ಪಕ್ಷಪಾತವೆಂಬುದು ಕೆಲಸದಲ್ಲಿ ಕಾಣಬೇಕಾದ ಗುಣ; ತಲೆಯ ಮೇಲೆ ಏನೂ ಇಲ್ಲದವನು ಪಕ್ಷಪಾತಿಯಲ್ಲವೆಂಬುದಕ್ಕೆ ಯಾವ ಪ್ರಮಾಣವಿದೆ? ಮೇಲಾಗಿ, ‘ಸಾಮಾನ್ಯ’ವೆಂದು ಕರೆಯುವ ಷರಟು ಷರಾಯಿಗಳೂ ಒಂದು ಕಾಲಕ್ಕೆ ಒಂದು ದೇಶದ ಪರಂಪರೆಯ ಉಡುಪೇ. ಆಳಿದವರ ಉಡುಪಾದ್ದರಿಂದ ಅದು ತನ್ನ ಹೆಸರನ್ನು ಕಳೆದುಕೊಂಡು ಸಾಮಾನ್ಯವಾಯಿತು.

ಹೀಗೆಂದು ಪರಂಪರೆಯ ಪಕ್ಷಕ್ಕೆ ಜಯಘೋಷ ಹಾಕುವುದೂ ಉಚಿತವಲ್ಲ. ತಿರುವಾಂಕೂರಿನ ನಾಡಾರ್ ಹೆಂಗಸರು ಮೈಯ ಮೇಲುಭಾಗವನ್ನು ಮುಚ್ಚಿಕೊಳ್ಳುವುದಕ್ಕಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ೧೮೫೯ರ ರಾಜಾಜ್ಞೆ ಕೊನೆಗೆ ಅನುಮತಿ ಕೊಟ್ಟರೂ ಮೇಲುಜಾತಿಯ ಹೆಂಗಸರಂತೆ ಮಾತ್ರ ಉಡಕೂಡದೆಂದು ತಡೆಯಿತು. ಅವರಿಗೆ ಅಡ್ಡವಾಗಿ ನಿಂತುದು ಪರಂಪರೆಯೇ ಅಲ್ಲವೆ? ಡಾಕ್ಟರ್ ಅಂಬೇಡ್ಕರರ ಕೋಟು ಷರಾಯಿಗಳನ್ನು ಪಾಶ್ಚಾತ್ಯ ವ್ಯಾಮೋಹವೆಂದು ಬಗೆಯುವವರು ಈ ಚರಿತ್ರೆಯನ್ನು ಓದಿಲ್ಲವೆನ್ನಬೇಕು. ಉಡುಪನ್ನು ನೋಡಿದೊಡನೆ ಜಾತಿಯನ್ನು ಅಳೆಯುವ ಸಮಾಜದಲ್ಲಿ, ಯಾವ ಜಾತಿಗೂ ಸೇರದ ಉಡುಪನ್ನು ತೊಡುವುದೇ ಒಂದು ಬಿಡುಗಡೆ. ಒಬ್ಬನಿಗೆ ಅಜ್ಜನ ನೆನಪನ್ನು ತರುವ ಪಂಚೆ ಇನ್ನೊಬ್ಬನಿಗೆ ಅಜ್ಜನ ಅವಮಾನವನ್ನು ನೆನಪಿಗೆ ತರಬಹುದು. ಇಬ್ಬರೂ ಒಂದೇ ಕಚೇರಿಯಲ್ಲಿ ಮಗ್ಗುಲಲ್ಲಿ ಕುಳಿತು ಕೆಲಸ ಮಾಡುತ್ತಾರೆಂಬುದನ್ನು ಸಂಸ್ಕೃತಿಯ ವಕ್ತಾರರು ಮರೆಯಬಾರದು.

ಸ್ತ್ರೀಯರ ವಿಷಯದಲ್ಲಿ ನಮ್ಮ ಅಳತೆಗೋಲು ಇನ್ನೂ ಸೊಟ್ಟಗಿದೆ. ಈ ಮುಂಬಯಿ ನಗರದ ಯಾವ ಬ್ಯಾಂಕಿಗಾದರೂ ಹೋಗಿ ನೋಡಬಹುದು: ಗಂಡಸು ಪಂಚೆ ಉಟ್ಟು ಮೇಜಿನ ಮುಂದೆ ಕುಳಿತರೆ ಬಂದವರೆಲ್ಲ ತಿರುಗಿ ನೋಡುತ್ತಾರೆ, ಹೆಂಗಸು ಸೀರೆ ಉಟ್ಟು ಕುಳಿತರೆ ಅದೇ ಗಾಂಭೀರ್ಯ. ಗಂಡಸು ಕಾಲಕ್ಕೆ ತಕ್ಕಂತೆ ಬದಲಾದುದು ಪ್ರಗತಿಯೆನಿಸಿತು. ಹೆಂಗಸು ಬದಲಾದರೆ ಸಂಸ್ಕೃತಿ ಕೆಟ್ಟಿತೆನಿಸಿತು. ಉಡುವ ಶ್ರಮವನ್ನು ಮಾತ್ರವಲ್ಲ, ಉಡುವ ಹೊಣೆಯನ್ನೂ ನಾವು ಅವರ ಹೆಗಲಿಗೇರಿಸಿ, ನಾವು ಹಗುರವಾದೆವು. ಸೀರೆಯನ್ನು ಪ್ರೀತಿಯಿಂದ ಉಡುವವರು ಬಹಳ ಮಂದಿಯಿದ್ದಾರೆ, ಅದರಲ್ಲಿ ಸಂದೇಹವಿಲ್ಲ. ಆದರೆ ಬೇಡವೆನ್ನುವ ಅವಕಾಶ ಇರುವಲ್ಲಿ ಮಾತ್ರ ಬೇಕೆಂಬುದಕ್ಕೆ ಅರ್ಥವುಂಟು.

ಈಚಿನ ಶಾಸನಗಳನ್ನೂ ಈ ದೃಷ್ಟಿಯಿಂದ ನೋಡಬೇಕು. ೨೦೧೪ರ ಜುಲೈಯಲ್ಲಿ ಚೆನ್ನೈಯ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ನಡೆದ ಪುಸ್ತಕ ಬಿಡುಗಡೆಗೆ ವೇಷ್ಟಿ ಉಟ್ಟು ಬಂದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರಿಗೆ ಪ್ರವೇಶ ದೊರೆಯಲಿಲ್ಲ. ಅದೇ ವರ್ಷ ತಮಿಳುನಾಡಿನ ವಿಧಾನಸಭೆ ಇಂಥ ತಡೆಯನ್ನು ನಿಷೇಧಿಸುವ ಶಾಸನ ಮಾಡಿತು. ೨೦೧೯ರಲ್ಲಿ ಅಲ್ಲಿಯ ಸರಕಾರ ತನ್ನ ನೌಕರರ ಉಡುಪಿನ ನಿಯಮದಲ್ಲಿ ವೇಷ್ಟಿಗೂ ಸ್ಥಾನ ಕೊಟ್ಟಿತು. ಇವು ಸ್ವಾಗತಾರ್ಹ. ಆದರೆ ಅನುಮತಿ ದೊರೆತ ಮಾತ್ರಕ್ಕೆ ಉಡುಪು ಮರಳಿ ಬರುವುದಿಲ್ಲವೆಂಬುದಕ್ಕೆ ವಕೀಲರೇ ಸಾಕ್ಷಿ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ ಕರಿ ಕೋಟಿನೊಡನೆ ಷರಾಯಿಯ ಬದಲು ಧೋತರವನ್ನೂ ಉಡಬಹುದೆಂದು ಸ್ಪಷ್ಟವಾಗಿ ಹೇಳಿದೆ. ಹಾಗೆ ಉಟ್ಟು ವಾದಿಸುವವರನ್ನು ಇಂದು ಹುಡುಕಿ ನೋಡಬೇಕು. ಇತ್ತ ನಮ್ಮ ಕಚೇರಿಗಳಲ್ಲಿ ರಾಜ್ಯೋತ್ಸವದ ದಿನವೋ ಹಬ್ಬದ ಮುನ್ನಾದಿನವೋ ಎಲ್ಲರೂ ಪಂಚೆ, ಶಲ್ಯ, ಪೇಟಗಳಲ್ಲಿ ಬಂದು ಚಿತ್ರ ತೆಗೆಸಿಕೊಳ್ಳುವುದು ರೂಢಿಯಾಗಿದೆ. ಆ ಸಂತೋಷಕ್ಕೆ ನಾವು ಕಲ್ಲು ಹಾಕಲಾರೆವು. ಆದರೂ ಮರುದಿನ ಅದೇ ಪಂಚೆಯಲ್ಲಿ ಬಂದವನನ್ನು ಏನಾಯಿತೆಂದು ಕೇಳುವ ಕಚೇರಿ, ಹಿಂದಿನ ದಿನ ಮೆಚ್ಚಿದುದು ಉಡುಪನ್ನಲ್ಲ, ವೇಷವನ್ನು ಎಂದೇ ಹೇಳಬೇಕಾಗುತ್ತದೆ.

ಈ ವಿವೇಚನೆಯಿಂದ ಫಲಿಸುವ ನಿರ್ಣಯ ಇದು. ಕೆಲಸದೆಡೆಯ ಉಡುಪಿನ ಬಗ್ಗೆ ತೀರ್ಮಾನಿಸುವಾಗ ಅದು ಎಷ್ಟು ಹಳೆಯದು, ಯಾವ ಗ್ರಂಥದಲ್ಲಿ ವಿಹಿತವಾದುದು ಎಂದು ಶೋಧಿಸುವುದು ಅನಾವಶ್ಯಕ. ಅದನ್ನು ಆ ವ್ಯಕ್ತಿಯೇ ಆರಿಸಿಕೊಂಡಿರುವನೆ, ಅವನು ಮಾಡಬೇಕಾದ ಕೆಲಸಕ್ಕೆ ಅದರಿಂದ ನಿಜವಾದ ತೊಡಕುಂಟೆ ಎಂದು ಕೇಳಿದರೆ ಸಾಕು. ಮೊದಲನೆಯದಕ್ಕೆ ಹೌದೆಂದೂ ಎರಡನೆಯದಕ್ಕೆ ಇಲ್ಲವೆಂದೂ ಉತ್ತರ ಬಂದಲ್ಲಿ ಮೂರನೆಯ ಪ್ರಶ್ನೆ ಕೇಳುವ ಹಕ್ಕು ಮಾಲಿಕನಿಗೂ ಇಲ್ಲ, ಮಠಕ್ಕೂ ಇಲ್ಲ, ಮಗ್ಗುಲ ಮೇಜಿನವನಿಗೂ ಇಲ್ಲ. ಪರನಾಡಿನಲ್ಲಿ ಹೊಟ್ಟೆಪಾಡಿಗಾಗಿ ಬಂದು ನೆಲೆಸಿ, ಬೀದಿಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಕನ್ನಡ ಎಂದು ಹಂಚಿಕೊಂಡು ಬಾಳುವ ನಮಗೆ ಈ ಮಾತು ಬೇಗ ತಿಳಿಯಬೇಕು. ಉಡು ಎಂಬ ಧಾತುವಿನಲ್ಲಿ ನಮ್ಮ ಪೂರ್ವಿಕರು ಇರಿಸಿಹೋದ ಅರ್ಥವೂ ಅದೇ: ನೇಯ್ಗೆ ಯಾರದೇ ಇರಲಿ, ನಿರಿಗೆ ಹಿಡಿಯುವ ಕೈ ಉಡುವವರದು.