ಗೋಡೆ ತುಂಬ ಅಮ್ಮನ ಮುಖ

ನ್ಜಿಡೆಕಾ ಅಕುನ್ಯಿಲಿ ಕ್ರಾಸ್ಬಿಯವರ ‘ಡ್ವೆಲ್: ಅಸೊ ಎಬಿ’ (2017) ದೂರಕ್ಕೆ ಸಾದಾ ಚಿತ್ರ. ಒಂದು ಕೋಣೆ, ಕೂತಿರುವ ಒಬ್ಬ ಹೆಂಗಸು, ಹಿಂದೆ ಹೂಬಳ್ಳಿಯಂತೇನೋ ಇರುವ ಗೋಡೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಬಳ್ಳಿ ಮುಖವಾಗುತ್ತದೆ. ಗೋಡೆಯುದ್ದಕ್ಕೂ ಮತ್ತೆ ಮತ್ತೆ ಅದೇ ಮುಖ: ಕಲಾವಿದೆಯ ಅಮ್ಮ, ಡೋರಾ ಅಕುನ್ಯಿಲಿ. ನೈಜೀರಿಯಾದ ಔಷಧ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥೆಯಾಗಿ ನಕಲಿ ಔಷಧ ಮಾರುವವರ ಬೆನ್ನು ಹತ್ತಿ, ಗುಂಡಿನ ದಾಳಿಯಿಂದ ಕೂದಲೆಳೆಯಲ್ಲಿ ಪಾರಾಗಿದ್ದವರು. 2014ರಲ್ಲಿ ತೀರಿಕೊಂಡರು.

ಮದುವೆ, ಉತ್ತರಕ್ರಿಯೆ, ಚುನಾವಣೆ ಯಾವುದೇ ಇರಲಿ, ಸಂಬಂಧಪಟ್ಟವರ ಮುಖವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಅದನ್ನು ಹೊಲಿಸಿ ತೊಡುವುದು ಪಶ್ಚಿಮ ಆಫ್ರಿಕಾದಲ್ಲಿ ವಾಡಿಕೆ. ಅಸೊ ಎಬಿ ಎಂದರೆ ಯೊರುಬಾ ಭಾಷೆಯಲ್ಲಿ ಮನೆಮಂದಿಯ ಬಟ್ಟೆ. ಸಮಾರಂಭಕ್ಕೆ ನೆಂಟರೆಲ್ಲ ಒಂದೇ ಬಗೆಯದನ್ನು ತೊಟ್ಟು ಬರುತ್ತಾರೆ. ಮೈಮೇಲೆ ಇರಬೇಕಾದ ಬಟ್ಟೆಯನ್ನು ಕಲಾವಿದೆ ಇಲ್ಲಿ ಗೋಡೆಗೆ ಹೊದಿಸಿದ್ದಾರೆ. ಅಮ್ಮನಿಲ್ಲದ ಮನೆಯಲ್ಲಿ ಎತ್ತ ತಿರುಗಿದರೂ ಅಮ್ಮ. ದುಃಖವನ್ನು ಇಷ್ಟು ಸದ್ದಿಲ್ಲದೆ ಹೇಳಿದ ಚಿತ್ರಗಳು ಕಡಿಮೆ.

ಕ್ರಾಸ್ಬಿ ಹುಟ್ಟಿದ್ದು 1983ರಲ್ಲಿ, ಎನುಗುವಿನಲ್ಲಿ, ಇಗ್ಬೊ ಕುಟುಂಬದಲ್ಲಿ. ಅಮ್ಮನಿಗೆ ಗ್ರೀನ್ ಕಾರ್ಡ್ ಲಾಟರಿ ಹೊಡೆದದ್ದರಿಂದ 1999ರಲ್ಲಿ ಅಮೆರಿಕ ಸೇರಿದರು. ಈಗ ಲಾಸ್ ಏಂಜಲೀಸ್‌ನಲ್ಲಿದ್ದಾರೆ, ಗಂಡ ಅಮೆರಿಕದವರು. ವಲಸೆ ಎಂದೊಡನೆ ದೋಣಿ, ಗಡಿ, ಮುಳ್ಳುತಂತಿ ನೆನೆಯುವ ನಮಗೆ ಇವರ ಚಿತ್ರಗಳಲ್ಲಿ ಅದೊಂದೂ ಸಿಗುವುದಿಲ್ಲ. ಮಂಚ, ಊಟದ ಮೇಜು, ಸೀಮೆಎಣ್ಣೆ ದೀಪ, ಅಂಗಳದ ಗಿಡ ಇವೇ ಇರುತ್ತವೆ.

ಆದರೆ ಅವುಗಳ ಮೈಯೆಲ್ಲ ಜನ. ನೈಜೀರಿಯಾದ ಪತ್ರಿಕೆಗಳು, ಮನೆಯ ಆಲ್ಬಮ್ಮು, ಜಾಹೀರಾತು ಎಲ್ಲ ಕಡೆಯಿಂದ ಆಯ್ದ ಫೋಟೊಗಳ ಪ್ರತಿ ತೆಗೆದು, ಮುಖ ಕೆಳಗಾಗಿ ಕಾಗದದ ಮೇಲಿಟ್ಟು, ಬೆನ್ನಿಗೆ ಅಸಿಟೋನ್ ಸವರಿ ಉಜ್ಜುತ್ತಾರೆ. ಅದೇ, ಉಗುರುಬಣ್ಣ ಅಳಿಸುವ ದ್ರವ. ಮಸಿ ಕರಗಿ ಕೆಳಗಿನ ಕಾಗದಕ್ಕೆ ಇಳಿಯುತ್ತದೆ, ಆದರೆ ಪೂರ್ತಿ ಇಳಿಯುವುದಿಲ್ಲ: ಒಂದು ಕಣ್ಣು ತೇಲುತ್ತದೆ, ಒಂದು ಕೆನ್ನೆ ಅಳಿಸಿಹೋಗುತ್ತದೆ. ಹೀಗೆ ಇಳಿದ ಗಾಯಕರು, ಸೇನಾಧಿಕಾರಿಗಳು, ಮದುವೆಮನೆಯ ನೆಂಟರು ನೆಲದ ಮೇಲೂ ಗೋಡೆಯ ಮೇಲೂ ಒತ್ತೊತ್ತಾಗಿ ನಿಂತಿರುತ್ತಾರೆ. ಅದರ ಪಕ್ಕದಲ್ಲೇ ನುಣ್ಣನೆಯ ಅಕ್ರಿಲಿಕ್ಕು, ಬಣ್ಣದ ಪೆನ್ಸಿಲ್ಲು. ಊರು ಬಿಟ್ಟವರ ನೆನಪು ಅರೆಬರೆಯಾಗಿರುತ್ತದೆಂದು ಬರೆದು ಹೇಳುವುದು ಸುಲಭ. ಇಲ್ಲಿ ಆ ಅರೆಬರೆತನ ಬಂದಿರುವುದು ದ್ರವ ಮತ್ತು ಮಸಿಯ ಗುಣದಿಂದ, ಅದಕ್ಕೇ ನಂಬುತ್ತೇವೆ.

‘ಟೀ ಟೈಮ್ ಇನ್ ನ್ಯೂ ಹೇವನ್, ಎನುಗು’ (2013) ಚಹಾದ ಸಾಮಾನು ಹರಡಿದ ಮೇಜಿನ ಚಿತ್ರ. ನ್ಯೂ ಹೇವನ್ ಎನುಗುವಿನ ಒಂದು ಬಡಾವಣೆ. ಕಲಾವಿದೆ 2011ರಲ್ಲಿ ಪದವಿ ಪಡೆದ ಯೇಲ್ ವಿಶ್ವವಿದ್ಯಾಲಯವಿರುವ ಅಮೆರಿಕದ ಊರಿನ ಹೆಸರೂ ಅದೇ. ಬ್ರಿಟಿಷರು ಬಿಟ್ಟುಹೋದ ಚಹಾ ನೈಜೀರಿಯಾದಲ್ಲಿ ಎಷ್ಟು ಒಗ್ಗಿತೆಂದರೆ, ಮೈಲೊ, ಬೋರ್ನ್‌ವಿಟಾ ಕಲಸಿದ್ದೂ ಅಲ್ಲಿ ‘ಟೀ’ಯೇ. ಒಡೆಯರ ವಸ್ತು ಮನೆಯದಾದ ಬಗೆಗೆ ಆ ಮೇಜಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ನನ್ನ ತಕರಾರು ಇರುವುದು ಕ್ರಾಸ್ಬಿಯವರ ಚಿತ್ರಗಳ ಜನರ ಬಗ್ಗೆ. ಗೋಡೆಯ ಮೇಲಿನವರು ನಗುತ್ತಾರೆ, ಕುಣಿಯುತ್ತಾರೆ. ಕೋಣೆಯಲ್ಲಿ ಕೂತವರು ಮಾತ್ರ ಬಹುಮಟ್ಟಿಗೆ ಮುಖ ಬಾಗಿಸಿ, ಯಾವುದರಲ್ಲೋ ಮುಳುಗಿ ಕೂತೇ ಇರುತ್ತಾರೆ. ಮೊದಲಿಗೆ ಗಾಂಭೀರ್ಯ ಅನಿಸಿದ್ದು ಹತ್ತನೆಯ ಚಿತ್ರದ ಹೊತ್ತಿಗೆ ಅಭ್ಯಾಸ ಅನಿಸುತ್ತದೆ. ಒಂದು ಜಗಳ, ಒಂದು ಗೇಲಿ, ಚೆಲ್ಲಿದ ಹಾಲು ಇದ್ದಿದ್ದರೆ! ಸಿಟ್ಟಿನದೂ ಅದೇ ಕತೆ. ಘಾನಾದ ಆಯಿ ಕ್ವೇ ಅರ್ಮಾ 1968ರ ತಮ್ಮ ಕಾದಂಬರಿಯಲ್ಲಿ ಸ್ವಾತಂತ್ರ್ಯದ ನಂತರದ ಭ್ರಷ್ಟತೆಗೆ ಹೇಸಿ ಬರೆದಿದ್ದರು. ಅದರ ಹೆಸರಿನಿಂದ ‘ದಿ ಬ್ಯೂಟಿಫುಲ್ ಒನ್ಸ್’ ಎಂಬ ತುಂಡನ್ನು ಎತ್ತಿಕೊಂಡು ಕ್ರಾಸ್ಬಿ ಮಕ್ಕಳ ಚಿತ್ರಮಾಲೆ ಮಾಡಿದರು. ಮಕ್ಕಳು ಚೆಂದ ಇದ್ದಾರೆ. ಅರ್ಮಾರ ಸಿಟ್ಟು ಮಾತ್ರ ದಾರಿಯಲ್ಲೆಲ್ಲೋ ಉಳಿಯಿತು. 2017ರಲ್ಲಿ ಈ ಮಾಲೆಯ ಒಂದು ಚಿತ್ರ ಲಂಡನ್ನಿನ ಹರಾಜಿನಲ್ಲಿ 30 ಲಕ್ಷ ಡಾಲರ್ ದಾಟಿತು. ಕೊಂಡವರ ಗೋಡೆಗೆ ಸಿಟ್ಟಿಗಿಂತ ಚೆಂದವೇ ಹೊಂದುತ್ತದೆ, ಇರಲಿ.

2018ರಲ್ಲಿ ಲಂಡನ್ನಿನ ಬ್ರಿಕ್ಸ್ಟನ್ ಮೆಟ್ರೊ ನಿಲ್ದಾಣದ ಬಾಗಿಲ ಮೇಲೆ ‘ರಿಮೇನ್, ಥ್ರೈವಿಂಗ್’ ಬಂತು. 1948ರ ‘ವಿಂಡ್ರಶ್’ ಹಡಗಿನಿಂದ ಮೊದಲಾಗಿ ಕೆರಿಬಿಯನ್ನಿನಿಂದ ಬಂದ ತಲೆಮಾರಿನ ಮೊಮ್ಮಕ್ಕಳು ಹಜಾರದಲ್ಲಿ ಸೇರಿರುವ ಚಿತ್ರ. ಆ ತಲೆಮಾರಿನ ಕೆಲವರನ್ನು ಕಾಗದಪತ್ರವಿಲ್ಲವೆಂದು ಬ್ರಿಟನ್ ಹೊರಗಟ್ಟಿದ್ದು ಬಯಲಾಗಿದ್ದೂ ಅದೇ ವರ್ಷ. ಚಿತ್ರ ಎತ್ತರದಲ್ಲಿತ್ತು, ನಾಲ್ಕು ಹೆಜ್ಜೆ ಮುಂದಿಟ್ಟರೆ ತಲುಪುವುದು ಟಿಕೆಟ್ ಗೇಟಿಗೆ. ಗೋಡೆಯೊಳಗಿನ ಮುಖಗಳನ್ನು ಓದುವಷ್ಟು ಹತ್ತಿರ ಯಾರೂ ಹೋಗುವಂತಿರಲಿಲ್ಲ. ಕ್ರಾಸ್ಬಿಯವರ ಅರ್ಧ ಕಲೆ ಅಲ್ಲಿ ಕೈಗೆಟುಕದೆ ಉಳಿಯಿತು. ಆದರೂ ಆ ಹಜಾರದ ಕೆಳಗೇ ದಿನಾ ಹಾದುಹೋಗುತ್ತಿದ್ದವರಲ್ಲಿ ಅದೇ ಹಡಗಿನವರ ಮೊಮ್ಮಕ್ಕಳೂ ಇದ್ದಿರಬೇಕು.