ಸಹವಾಸ ದೋಷ ಅಂದುಬಿಟ್ರೆ ಮುಗೀತಾ?

ಯಾವನೋ ಹುಡುಗ ಕಳ್ಳತನ ಮಾಡಿ ಸಿಕ್ಕಿಬಿದ್ದ ಅಂದ್ರೆ ನಮ್ಮೂರ ಅರಳಿಕಟ್ಟೆಯಲ್ಲಿ ತೀರ್ಪು ರೆಡಿ ಇರುತ್ತೆ: 'ಸಹವಾಸ ದೋಷ'. ಅದೇ ಆಫೀಸಿನಲ್ಲಿ ಒಂದು ಸರ್ವರ್ ಮಲಗಲಿ, ಮೂರು ದಿನ ಕೂತು ಮೂಲ ಕಾರಣ ಹುಡುಕುತ್ತೇವೆ. ಅಷ್ಟು ತಾಳ್ಮೆಯನ್ನು ಒಬ್ಬ ಹುಡುಗನಿಗಾಗಿ ಖರ್ಚು ಮಾಡಿದ ಸಿನಿಮಾ ಮೀರಾ ನಾಯರ್ ಅವರ 'ಸಲಾಂ ಬಾಂಬೆ' (1988).

ಕೃಷ್ಣ ಅಣ್ಣನ ಬೈಕು ಹಾಳು ಮಾಡಿದ್ದಾನೆ. 500 ರೂಪಾಯಿ ದುಡಿದು ತಂದರೆ ಮಾತ್ರ ಮನೆಗೆ ಬಾ ಅಂದಿದ್ದಾಳೆ ಅಮ್ಮ. ಸೇರಿದ್ದ ಸರ್ಕಸ್ ಕಂಪನಿಯೂ ಅವನನ್ನು ಬಿಟ್ಟು ಹೊರಟುಹೋಗುತ್ತೆ. ಬಾಂಬೆಯ ರೆಡ್‌ಲೈಟ್ ಏರಿಯಾದಲ್ಲಿ ಟೀ ಹಂಚುತ್ತಾ ಪೈಸೆ ಪೈಸೆ ಕೂಡಿಡುತ್ತಾನೆ.

ಗಮನಿಸಿ, ಹುಡುಗ ಬಂದಿದ್ದು ಸಾಲ ತೀರಿಸೋಕೆ. ಕಳ್ಳತನ ಬರೋದು ಎಷ್ಟೋ ಆಮೇಲೆ. ಮಾರಾಟವಾಗಿ ಬಂದ ಹುಡುಗಿಯೊಬ್ಬಳನ್ನು ಬಿಡಿಸಲು ಹೋಗಿ ಒದೆ ತಿಂತಾನೆ, ಟೀ ಅಂಗಡಿ ಕೆಲಸವೂ ಹೋಗುತ್ತೆ. ಅತ್ತ ಗೆಳೆಯ ಚಿಲ್ಲಮ್ ಬ್ರೌನ್ ಶುಗರ್ ಸಿಗದೆ ನರಳುತ್ತಿದ್ದಾನೆ. ಆಗ ಹುಡುಗರೆಲ್ಲ ಸೇರಿ ಹಾಡಹಗಲೇ ಒಬ್ಬ ಪಾರ್ಸಿ ಮುದುಕನ ಮನೆಗೆ ನುಗ್ಗುತ್ತಾರೆ. ಚಿಲ್ಲಮ್ ಸಹವಾಸ ಕೆಟ್ಟದ್ದೇ ಬಿಡಿ, ಕೃಷ್ಣ ಕೂಡಿಟ್ಟ ದುಡ್ಡನ್ನೂ ಅವನೇ ಕದ್ದು ನಶೆಗೆ ಸುರಿಯುತ್ತಾನೆ. ಆದ್ರೆ ಆ ಊರಲ್ಲಿ ಹುಡುಗನಿಗೆ ಅಣ್ಣ ಅನ್ನಿಸಿಕೊಳ್ಳುವಂಥವನು ಅವನೊಬ್ಬನೇ. ಇದನ್ನ ಕಟ್ಟೆಯ ತೀರ್ಪಿನಲ್ಲಿ ಎಲ್ಲಿ ಬರೆಯೋದು?

ಇನ್ನೊಂದು ತಮಾಷೆ ನೋಡಿ. ಪೊಲೀಸರು ಅವನನ್ನು ಹಿಡಿಯೋದು ಆ ಕಳ್ಳತನಕ್ಕಲ್ಲ. ರಾತ್ರಿ ಕೆಲಸ ಮುಗಿಸಿ ನಡೆದು ಬರ್ತಿರುವಾಗ ಹಿಡಿದು ಬಾಲಮಂದಿರಕ್ಕೆ ಹಾಕ್ತಾರೆ. ಅಲ್ಲಿಂದ ತಪ್ಪಿಸಿಕೊಂಡು ಬಂದ ಮೇಲೆಯೇ ಅವನ ಕೈಗೆ ಚಾಕು ಬರೋದು.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, 16 ದಾಟಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಮಂಡಳಿಯು ಅವನ ಮಾನಸಿಕ, ದೈಹಿಕ ಸಾಮರ್ಥ್ಯದ ಜೊತೆಗೆ ಅಪರಾಧ ನಡೆದ ಸಂದರ್ಭವನ್ನೂ ನೋಡಬೇಕು. ಕೃಷ್ಣ ಅದಕ್ಕಿಂತ ಚಿಕ್ಕವನು, ಸಿನಿಮಾ ಆ ಕಾಯ್ದೆಗಿಂತ ಎಷ್ಟೋ ಹಳೆಯದು. ಆದ್ರೂ 'ಸಂದರ್ಭ' ಅನ್ನೋ ಆ ಒಂದು ಪದದೊಳಗೆ ಏನೇನು ತುಂಬಿರುತ್ತೆ ಅನ್ನೋದನ್ನ ಸುಮಾರು ಎರಡು ಗಂಟೆ ಬಿಡಿಸಿ ತೋರಿಸುತ್ತೆ.

ನನ್ನ ತಕರಾರಿರೋದು ಆ ಕೊಲೆಯ ಬಗ್ಗೆ. ನಾನಾ ಪಾಟೇಕರ್ ಮಾಡಿದ ಬಾಬಾ ಎಷ್ಟು ನೀಚ ಅಂದ್ರೆ, ಕೃಷ್ಣ ಅವನಿಗೆ ಚಾಕು ಹಾಕಿದಾಗ ನಮಗೆ ನಿರಾಳವಾಗುತ್ತೆ. ಅಲ್ಲಿವರೆಗೆ ಕಾರಣಗಳ ಲೆಕ್ಕ ಇಟ್ಟುಕೊಂಡು ಬಂದ ಸಿನಿಮಾ ನಮಗೊಬ್ಬ ವಿಲನ್‌ನ ಕೊಟ್ಟು ಸುಲಭ ಮಾಡಿಬಿಡುತ್ತೆ. ಸತ್ತವನು ಆ ಪಾರ್ಸಿ ಮುದುಕ ಆಗಿದ್ದಿದ್ರೆ? ಹುಡುಗ ಅದೇ, ಕಾರಣಗಳೂ ಅವೇ. ಆಗಲೂ ಅವನ ಪರ ನಿಲ್ತಿದ್ವಾ?

ಕೊನೆಯ ಶಾಟ್ ಮಾತ್ರ ಮರೆಯೋಕಾಗಲ್ಲ. ಗಣೇಶನ ಮೆರವಣಿಗೆಯ ನೂಕುನುಗ್ಗಲಲ್ಲಿ ಜೊತೆಗಿದ್ದವಳ ಕೈ ತಪ್ಪಿ, ಒಬ್ಬನೇ ಬಂದು ಕೂತು ಬುಗುರಿಗೆ ದಾರ ಸುತ್ತುತ್ತಾನೆ. ಅವನ ವಯಸ್ಸು ನಮಗೆ ನೆನಪಾಗೋದು ಆಗ.