ಪೀಠದ ರೇಖೆಯೂ ವಿರಾಮದ ಸಂಸ್ಕೃತಿಯೂ

ಕಾವ್ಯವನ್ನೂ ಶಿಲ್ಪವನ್ನೂ ವಿಮರ್ಶೆಯ ಒರೆಗೆ ಹಚ್ಚುವ ರಸಿಕರು ಕುರ್ಚಿ ಮೇಜುಗಳ ನಕಾಶೆಯನ್ನು ಬಡಿಗನ ಕೆಲಸವೆಂದು ಬದಿಗಿಡುವುದುಂಟು. ಇದು ಸರಿಯಾದ ಎಣಿಕೆಯಲ್ಲ. ದುಡಿಯುವ ಮನುಷ್ಯನನ್ನು ಅವನ ಹತ್ಯಾರಗಳು ತಿಳಿಸುವಂತೆ, ಬಿಡುವಿನಲ್ಲಿರುವ ಮನುಷ್ಯನನ್ನು ಅವನ ಪೀಠಗಳು ತಿಳಿಸುತ್ತವೆ. ಆದರೆ ಪೀಠದ ಚಿತ್ರವು ಎಲ್ಲವನ್ನೂ ಹೇಳುವುದಿಲ್ಲ. ಹೇಳದೆ ಬಿಟ್ಟುದನ್ನು ಓದುವುದು ವಿಮರ್ಶಕನ ಪಾಲಿನ ಕೆಲಸ.

ಇಂಥ ಚಿತ್ರಗ್ರಂಥಗಳಲ್ಲಿ ಬಹು ಪ್ರಸಿದ್ಧವಾದುದು ಲಂಡನ್ನಿನ ಥಾಮಸ್ ಚಿಪ್ಪೆಂಡೇಲನು 1754ರಲ್ಲಿ ಪ್ರಕಟಿಸಿದ ‘ಡೈರೆಕ್ಟರ್’. 1762ರ ಮೂರನೆಯ ಆವೃತ್ತಿಯಲ್ಲಿ ಅದು 200 ಫಲಕಗಳಿಗೆ ಬೆಳೆಯಿತು. ಗ್ರಂಥದ ಪೂರ್ಣನಾಮದಲ್ಲಿ ಶ್ರೀಮಂತನ ಹೆಸರು ಮೊದಲು, ಮರಗೆಲಸದವನದು ಅನಂತರ. ಒಂದೇ ಕುರ್ಚಿಯ ಎರಡು ಮುಂಗಾಲುಗಳನ್ನು ಎರಡು ಬಗೆಯಾಗಿ ಬರೆದು, ಮೆಚ್ಚಿದುದನ್ನು ಆರಿಸಿಕೊಳ್ಳಲು ಗಿರಾಕಿಗೆ ಬಿಡುವ ಜಾಣ್ಮೆ ಅಲ್ಲಿದೆ. ಚಹದ ಮೇಜು, ಪುಸ್ತಕದ ಕಪಾಟು, ಬರೆಯುವ ಮೇಜು—ಒಂದು ವರ್ಗದ ವಿರಾಮದ ದಿನಚರಿಯೇ ಅಲ್ಲಿ ಫಲಕ ಫಲಕವಾಗಿ ತೆರೆದುಕೊಳ್ಳುತ್ತದೆ. ರೇಖೆಯಲ್ಲಿ ಜೀವವಿದೆ, ಅಲಂಕಾರ ಮಾತ್ರ ಅಲ್ಲಲ್ಲಿ ಮಿತಿಮೀರುತ್ತದೆ. ಇವು ಕೈಯಿಂದ ಮಾಡಲಾಗದ ಬರಿಯ ಚಿತ್ರಗಳೆಂಬ ಆಕ್ಷೇಪಕ್ಕೆ ಕರ್ತೃವೇ ಮುನ್ನುಡಿಯಲ್ಲಿ ಉತ್ತರ ಕೊಡಬೇಕಾಯಿತು. ಆದರೆ ದೊಡ್ಡ ಮೌನವು ಬೇರೆಡೆಯಲ್ಲಿದೆ. ಆ ಕಾಲದ ಇಂಗ್ಲೆಂಡಿನ ಸಿರಿವಂತರು ಬಯಸಿದ ಮಹಾಗನಿ ಮರವನ್ನು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಕಡಿದವರು ಆಫ್ರಿಕದಿಂದ ಒಯ್ದ ಗುಲಾಮರು. ಆರಾಮದ ಚಿತ್ರದಲ್ಲಿ ಆ ಶ್ರಮದ ನೆರಳೂ ಬಿದ್ದಿಲ್ಲ.

ಕನ್ನಡನಾಡು ಪೀಠದ ವಿಚಾರವನ್ನು ಇದಕ್ಕಿಂತ ಆರು ಶತಮಾನ ಮೊದಲೇ ಬರೆದಿರಿಸಿತ್ತು, ಚಿತ್ರದಿಂದಲ್ಲ, ಮಾತಿನಿಂದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮೂರನೆಯ ವಿಂಶತಿಯು 20 ಉಪಭೋಗಗಳನ್ನು ಎಣಿಸುತ್ತದೆ. ತಾಂಬೂಲ, ಮಾಲೆ, ಅನ್ನಗಳ ಸಾಲಿನಲ್ಲಿಯೇ ಆಸನವೂ ಶಯ್ಯೆಯೂ ಬರುತ್ತವೆ. ಪೀಠವು ಇಲ್ಲಿ ವಸ್ತುವಲ್ಲ, ಅನುಭವ. ಈ ದೃಷ್ಟಿ ಚಿಪ್ಪೆಂಡೇಲನದಕ್ಕಿಂತ ಸೂಕ್ಷ್ಮವಾದುದು. ಆದರೂ ಆ ಭೋಗಗಳ ಭೋಕ್ತೃ ಅರಸನೇ. ಪೀಠವನ್ನು ಕಡೆದವನ ವಿರಾಮದ ಮಾತು ಅಲ್ಲಿಯೂ ಇಲ್ಲ.

ಅರಮನೆಯಿಂದ ಮನೆಯ ಪಡಸಾಲೆಗೆ ಬಂದರೆ, ಧಾರವಾಡ ಸೀಮೆಯವರ ಆಸನವೆಂದರೆ ಬಹುಮಟ್ಟಿಗೆ ನೆಲದ ಹಾಸು. ನವಲಗುಂದದ ಜಮಖಾನೆಯಲ್ಲಿ ಪಗಡೆಯ ಮನೆಗಳನ್ನೇ ನೇಯ್ಗೆಯಲ್ಲಿ ಮೂಡಿಸುವುದುಂಟು. ಕೂಡುವ ಹಾಸೂ ಆಡುವ ಹಾಸೂ ಒಂದೇ. ಉಪಯೋಗವೂ ಅಲಂಕಾರವೂ ಇಷ್ಟು ಸಹಜವಾಗಿ ಬೆರೆತ ರಚನೆ ವಿರಳ. ಅದನ್ನು ನಿಲುವುಮಗ್ಗದ ಮುಂದೆ ನೇಯುತ್ತ ಬಂದವರು ಮನೆಯ ಹೆಂಗಸರು. ಅದರ ಮೇಲೆ ಕೂತು ದಾಳ ಉರುಳಿಸುವಷ್ಟು ಬಿಡುವು ಅವರಲ್ಲಿ ಎಷ್ಟು ಮಂದಿಗಿದ್ದೀತು?

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಸವಾಯಿ ಗಂಧರ್ವರ (1886–1952) ಹೆಸರಿನ ಸಭಾಭವನವಿದೆ. ಸಂಗೀತದ ಕೂಟಕ್ಕೆ ‘ಬೈಠಕ’ ಎಂಬ ಹೆಸರು ಬಂದುದೇ ಕೂಡುವುದರಿಂದ. ಜಮಖಾನೆಯ ಮೇಲೆ ಲೋಡಿಗೊರಗಿ, ಗವಾಯಿಯ ಕಣ್ಣಳತೆಯಲ್ಲಿ ಕೂತು ಕೇಳುವ ಸುಖವು ಭವನದ ಕುರ್ಚಿಗಳ ಸಾಲಿನಲ್ಲಿ ಸಿಗದೆಂದು ಹಳಬರು ಕೊರಗುವುದು ಸುಳ್ಳಲ್ಲ. ಆದರೆ ಆ ಲೋಡು ಎಲ್ಲರ ಬೆನ್ನಿಗೂ ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಹೆಂಗಸರು ಬಾಗಿಲ ಮರೆಯಲ್ಲಿ ನಿಂತರು. ಕೆಳಗಿನವರೆನಿಸಿದವರು ಕಟ್ಟೆಯ ಕೆಳಗೇ ಉಳಿದರು. ಒಂದೇ ಅಳತೆಯ ಕುರ್ಚಿಗೆ ಸೊಗಸು ಕಡಿಮೆ. ಆದರೆ ಕೂಡುವವನ ಕುಲವನ್ನು ಅದು ಕೇಳುವುದಿಲ್ಲ. ಹಳೆಯದರ ಆತ್ಮೀಯತೆ, ಹೊಸದರ ಸಮಾನತೆ—ಎರಡನ್ನೂ ಕೂಡಿಸಿದ ಪೀಠದ ನಕಾಶೆಯನ್ನು ಬರೆಯುವ ಕೆಲಸ ಇನ್ನೂ ಉಳಿದಿದೆ.

ಆದುದರಿಂದ ಹಳೆಯ ಪೀಠಗಳ ಚಿತ್ರವನ್ನು ನೋಡುವವರು ಕೆತ್ತನೆಯನ್ನು ಮನಸಾರೆ ಮೆಚ್ಚಲಿ. ಮೆಚ್ಚಿದ ಮೇಲೆ, ಇಲ್ಲಿ ಕೂತವರಾರು, ನಿಂತವರಾರು ಎಂದು ಕೇಳಲಿ. ಆ ಪ್ರಶ್ನೆಯಿಂದ ರಸಿಕತೆಗೆ ಕುಂದು ಬರುವುದಿಲ್ಲ; ಅದು ಇನ್ನಷ್ಟು ತುಂಬಿಬರುತ್ತದೆ.